ಅಪ್ಪನ ರೆಕಾರ್ಡುಗಳಿಗೆ ಯಾವ ಆಂಪ್ಲಿಫೈಯರ್? ಪ್ರೀಆಂಪ್ ಬೇರೆ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಧಾರವಾಡ. ಅಪ್ಪ ಕೂಡಿಟ್ಟ ಎಲ್‌ಪಿ ರೆಕಾರ್ಡುಗಳು ಸುಮಾರು 150 ಇವೆ. ಹೆಚ್ಚಿನವು ಗಂಗೂಬಾಯಿ ಹಾನಗಲ್, ಮಲ್ಲಿಕಾರ್ಜುನ ಮನಸೂರ, ಭೀಮಸೇನ ಜೋಶಿ ಅವರ ಗಾಯನ. ಒಂದು ಹಳೇ ಟರ್ನ್‌ಟೇಬಲ್ ಇದೆ, ಚೆನ್ನಾಗಿ ತಿರುಗುತ್ತದೆ. ಹೋದ ವರ್ಷ ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ತಗೊಂಡೆ. ಅದರ ಹಿಂದೆ 86 ಡೆಸಿಬೆಲ್, 6 ಓಮ್ ಎಂದು ಬರೆದಿದೆ. ಹಾಲ್ 12ಕ್ಕೆ 14 ಅಡಿ. ಫೋನಿನಿಂದ, ಟಿವಿಯಿಂದಲೂ ಹಾಡು ಕೇಳಬೇಕು. ಬಜೆಟ್ 35 ಸಾವಿರ, ತೀರಾ ಎಳೆದರೆ 40. ಅಂಗಡಿಯವರು ಪ್ರೀಆಂಪ್ ಬೇರೆ, ಪವರ್ ಆಂಪ್ ಬೇರೆ ತಗೊಳ್ಳಿ, ಕನಿಷ್ಠ 200 ವಾಟ್ ಇರಲಿ, ಇಲ್ಲದಿದ್ದರೆ ಅದು ಹೈಫೈ ಅಲ್ಲ ಅನ್ನುತ್ತಾರೆ. ಹೌದೇ?

ಉತ್ತರ: ಅಂಗಡಿಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅದು ನಿಮ್ಮ ಹಾಲ್‌ಗೆ, ನಿಮ್ಮ ದುಡ್ಡಿಗೆ ಹೊಂದುವ ಮಾತಲ್ಲ. ನಿಮಗೆ ಪ್ರತ್ಯೇಕ ಪ್ರೀಆಂಪ್ ಬೇಡ. 200 ವಾಟೂ ಬೇಡ. ಬೇಕಾಗಿರುವುದು ಚಾನೆಲ್‌ಗೆ (ಎಡ, ಬಲ ಒಂದೊಂದಕ್ಕೂ) 40 ವಾಟ್ ಆಸುಪಾಸಿನ, ಟರ್ನ್‌ಟೇಬಲ್ ಜೋಡಿಸುವ ಫೋನೊ ಇನ್‌ಪುಟ್ ಇರುವ ಒಂದು ಇಂಟಿಗ್ರೇಟೆಡ್ ಆಂಪ್ಲಿಫೈಯರ್ (ಪ್ರೀಆಂಪ್, ಪವರ್ ಆಂಪ್ ಎರಡೂ ಒಂದೇ ಪೆಟ್ಟಿಗೆಯಲ್ಲಿ), ಮತ್ತೆ ಟರ್ನ್‌ಟೇಬಲ್‌ಗೆ ಒಂದು ಹೊಸ ಸೂಜಿ. ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಲೆಕ್ಕ ಒಮ್ಮೆ ಕೈಗೆ ಹತ್ತಿದರೆ ಮುಂದೆ ಯಾವ ಅಂಗಡಿಗೆ ಹೋದರೂ ನೀವೇ ತೂಗಿ ನೋಡಬಹುದು.

ಮೊದಲು ಪ್ರೀಆಂಪ್ ಮಾಡುವ ಕೆಲಸ ಏನು ಅಂತ ನೋಡೋಣ. ಮೂರು ಕೆಲಸ. ಟರ್ನ್‌ಟೇಬಲ್, ಟಿವಿ, ಫೋನ್ ಇವುಗಳಲ್ಲಿ ಒಂದನ್ನು ಆರಿಸುವುದು. ಸದ್ದು ಹೆಚ್ಚು ಕಡಿಮೆ ಮಾಡುವುದು. ಬರುವ ಸಿಗ್ನಲ್ ತೀರಾ ಸಣ್ಣದಿದ್ದರೆ ಅದನ್ನು ಪವರ್ ಆಂಪ್‌ಗೆ, ಅಂದರೆ ಸ್ಪೀಕರನ್ನು ನಡೆಸುವ ಭಾಗಕ್ಕೆ, ಸಾಕಾಗುವಷ್ಟು ದೊಡ್ಡದು ಮಾಡುವುದು. ಈ ಮೂರನೇ ಕೆಲಸಕ್ಕಾಗಿಯೇ ಒಂದು ಕಾಲದಲ್ಲಿ ಪ್ರೀಆಂಪ್‌ಗೆ ಅಷ್ಟು ಬೆಲೆ ಇತ್ತು. ಆಗ ಮನೆಗಳಲ್ಲಿ ಇದ್ದದ್ದು ರೆಕಾರ್ಡ್, ರೇಡಿಯೊ, ಟೇಪ್. ಅವುಗಳಿಂದ ಬರುತ್ತಿದ್ದ ಸಿಗ್ನಲ್ ಸಣ್ಣದು.

1982ರಲ್ಲಿ ಸಿಡಿ ಬಂತು. ಸಿಡಿ ಪ್ಲೇಯರ್‌ಗಳು ಸಾಮಾನ್ಯವಾಗಿ 2 ವೋಲ್ಟ್ ಕೊಡುತ್ತವೆ. ಇಂಟರ್ನೆಟ್‌ನಿಂದ ಹಾಡು ನುಡಿಸುವ ಇವತ್ತಿನ ಸ್ಟ್ರೀಮರ್, ಡಿಜಿಟಲ್ ಹಾಡನ್ನು ಮಾಮೂಲಿ ಸಿಗ್ನಲ್ ಆಗಿ ಬದಲಿಸುವ ಡ್ಯಾಕ್ ಕೂಡ ಹೆಚ್ಚುಕಡಿಮೆ ಅಷ್ಟೇ ಕೊಡುತ್ತವೆ. ಈಗ ಒಂದು ಲೆಕ್ಕ ಹಾಕಿ ನೋಡಿ. 8 ಓಮ್ ಸ್ಪೀಕರ್‌ಗೆ 45 ವಾಟ್ ಕೊಡಬೇಕಾದರೆ ಆಂಪ್ಲಿಫೈಯರ್‌ನಿಂದ ಸುಮಾರು 19 ವೋಲ್ಟ್ ಹೊರಬರಬೇಕು. ಪವರ್ ಆಂಪ್‌ಗಳು ಸಾಮಾನ್ಯವಾಗಿ ಸಿಗ್ನಲನ್ನು 28 ಪಟ್ಟು ಹಿಗ್ಗಿಸುತ್ತವೆ. ಅಂದರೆ ಒಳಗೆ 0.7 ವೋಲ್ಟ್ ಹೋದರೆ ಪೂರ್ತಿ 45 ವಾಟ್ ಬಂದುಬಿಡುತ್ತದೆ. ನಿಮ್ಮ ಬಳಿ ಇರುವುದು 2 ವೋಲ್ಟ್. ಬೇಕಾದದ್ದಕ್ಕಿಂತ ಸುಮಾರು ಮೂರು ಪಟ್ಟು ಜಾಸ್ತಿ! ಅದನ್ನು ಇನ್ನೂ ಹಿಗ್ಗಿಸಿ ಏನು ಮಾಡುವುದು? ಈಗ ಪ್ರೀಆಂಪ್ ಮಾಡುತ್ತಿರುವುದು ಹೆಚ್ಚಿನ ಸಮಯ ಸಿಗ್ನಲನ್ನು ತಗ್ಗಿಸುವ ಕೆಲಸ.

ಈ ಲೆಕ್ಕದಿಂದಲೇ ಇನ್ನೊಂದು ಭ್ರಮೆಯೂ ಹೋಗುತ್ತದೆ. ಅಂಗಡಿಯಲ್ಲಿ ವಾಲ್ಯೂಮ್ ಗುಂಡಿಯನ್ನು ಸ್ವಲ್ಪ ತಿರುಗಿಸಿದ ಕೂಡಲೇ ಸದ್ದು ಅಬ್ಬರಿಸಿದರೆ ಜನ "ಏನು ಪವರ್!" ಅನ್ನುತ್ತಾರೆ. ಅದು ಪವರ್ ಅಲ್ಲ, ಗೇನ್. ಅಂದರೆ ಹಿಗ್ಗಿಸುವ ಪ್ರಮಾಣ ಜಾಸ್ತಿ ಇದೆ ಅಷ್ಟೇ. ಅಂಥ ಆಂಪ್ಲಿಫೈಯರ್ ಗುಂಡಿಯ ಮೊದಲ ಕಾಲು ಸುತ್ತಿನಲ್ಲೇ ತನ್ನ ಶಕ್ತಿ ಮುಗಿಸಿರುತ್ತದೆ. ಮನೆಯಲ್ಲಿ ರಾತ್ರಿ ಮೆಲ್ಲಗೆ ಕೇಳುವಾಗ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುವ ಕಷ್ಟ ಬೇರೆ. ಆ ಜಾಗದಲ್ಲಿ ಅಗ್ಗದ ವಾಲ್ಯೂಮ್ ಕಂಟ್ರೋಲ್‌ಗಳು ಎಡ ಬಲ ಎರಡನ್ನೂ ಸಮವಾಗಿ ಬಿಡುವುದಿಲ್ಲ. ಹಾಡು ಒಂದು ಕಡೆಗೆ ವಾಲುತ್ತದೆ.

ಇನ್ನು ದುಡ್ಡಿನ ಮಾತು. ಪ್ರೀಆಂಪ್, ಪವರ್ ಆಂಪ್ ಅಂತ ಎರಡು ಪೆಟ್ಟಿಗೆ ತಗೊಂಡರೆ ಎರಡು ಕ್ಯಾಬಿನೆಟ್, ಎರಡು ಪವರ್ ಸಪ್ಲೈ, ನಡುವೆ ಒಂದು ಜೊತೆ ಕೇಬಲ್, ಎಲ್ಲಕ್ಕೂ ನೀವೇ ದುಡ್ಡು ಕೊಡಬೇಕು. ಲಕ್ಷಗಟ್ಟಲೆ ಖರ್ಚು ಮಾಡುವವರಿಗೆ ಅದು ಲೆಕ್ಕಕ್ಕಿಲ್ಲ. 35 ಸಾವಿರದಲ್ಲಿ ಹಾಗೆ ಮಾಡಿದರೆ ದುಡ್ಡೆಲ್ಲ ತಗಡಿಗೆ ಹೋಗುತ್ತದೆ, ಒಳಗಿನ ಸರ್ಕ್ಯೂಟ್‌ಗೆ ಉಳಿಯುವುದು ಕಡಿಮೆ. ಅದೇ ದುಡ್ಡಿಗೆ ಇಂಟಿಗ್ರೇಟೆಡ್ ತಗೊಂಡರೆ ಒಳ್ಳೆಯ ಟ್ರಾನ್ಸ್‌ಫಾರ್ಮರ್, ಒಳ್ಳೆಯ ಹೀಟ್‌ಸಿಂಕ್ ಸಿಗುತ್ತದೆ.

ಹಾಗಂತ ಬೇರೆ ಪ್ರೀಆಂಪ್ ಯಾರಿಗೂ ಬೇಡ ಅಂತಲ್ಲ. ಒಳಗೇ ಆಂಪ್ಲಿಫೈಯರ್ ಇರುವ ಆ್ಯಕ್ಟಿವ್ ಸ್ಪೀಕರ್ ಇದ್ದವರಿಗೆ ಬೇಕಾಗುತ್ತದೆ. ಪವರ್ ಆಂಪನ್ನು ಸ್ಪೀಕರ್ ಹತ್ತಿರ ಇಟ್ಟು, ಉಳಿದದ್ದನ್ನು ಹಾಲ್‌ನ ಇನ್ನೊಂದು ತುದಿಯಲ್ಲಿ ಇಡುವವರಿಗೂ ಬೇಕು. ಅವರೂ ಬೆಲೆ ಬಾಳುವುದನ್ನೇ ತಗೊಳ್ಳಬೇಕಿಲ್ಲ. ಒಂದು ಡಬ್ಬಿ, ಒಂದು ಸೆಲೆಕ್ಟರ್, 10 ಕಿಲೋ ಓಮ್‌ನ ಒಂದು ಸ್ಟೀರಿಯೊ ವಾಲ್ಯೂಮ್ ಕಂಟ್ರೋಲ್. ಕರೆಂಟೇ ಬೇಡದ ಪ್ರೀಆಂಪ್ ಸಿದ್ಧ. ಇದಕ್ಕೆ ಪ್ಯಾಸಿವ್ ಪ್ರೀಆಂಪ್ ಅನ್ನುತ್ತಾರೆ. ಶಿಟ್ (Schiit) ಕಂಪನಿಯ ಸಿಸ್ ಅನ್ನುವ ಪುಟ್ಟ ಪೆಟ್ಟಿಗೆ ಇದೇ ಜಾತಿಯದು.

ಇದನ್ನು ಬಳಸುವವರು ಒಂದು ಎಚ್ಚರ ಇಟ್ಟುಕೊಳ್ಳಬೇಕು. ವಾಲ್ಯೂಮ್ ಕಂಟ್ರೋಲ್‌ನ ತಡೆ (ರೆಸಿಸ್ಟೆನ್ಸ್) 10 ಕಿಲೋ ಓಮ್ ಇದ್ದರೆ, ಮುಂದಿನ ಆಂಪ್‌ಗೆ ಅದು ಹೆಚ್ಚೆಂದರೆ 2.5 ಕಿಲೋ ಓಮ್ ತಡೆಯಂತೆ ಕಾಣುತ್ತದೆ. 100 ಕಿಲೋ ಓಮ್‌ನದು ಹಾಕಿದರೆ ಅದು 25 ಕಿಲೋ ಓಮ್ ಆಗುತ್ತದೆ. ಅದರ ಮುಂದೆ ಉದ್ದದ ಕೇಬಲ್ ಎಳೆದು ಒಟ್ಟು 1000 ಪಿಕೋಫ್ಯಾರಡ್ ಕೆಪಾಸಿಟೆನ್ಸ್ (ಕೇಬಲ್ ವಿದ್ಯುತ್ತನ್ನು ಹಿಡಿದಿಡುವ ಗುಣ) ಕೂಡಿದರೆ ಸುಮಾರು 6 ಸಾವಿರ ಹರ್ಟ್ಸ್ ಮೇಲಿನ ಸ್ವರವೆಲ್ಲ ಕುಗ್ಗುತ್ತಾ ಹೋಗುತ್ತದೆ. ತಂಬೂರಿಯ ಜವಾರಿ, ಅಂದರೆ ತಂತಿಯ ಝೇಂಕಾರದ ಹೊಳಪೇ ಹೋಯಿತು ಅನ್ನಿ. ಆದ್ದರಿಂದ 10 ಕಿಲೋ ಓಮ್, ಆದಷ್ಟು ಚಿಕ್ಕ ಕೇಬಲ್. ಇಷ್ಟು ಪಾಲಿಸಿದರೆ ಪ್ಯಾಸಿವ್ ಪ್ರೀಆಂಪ್‌ನಲ್ಲಿ ಕುಂದು ಹುಡುಕುವುದು ಕಷ್ಟ.

ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ವಾಲ್ವ್ ಪ್ರೀಆಂಪ್‌ಗಳ ಬಗ್ಗೆಯೂ ಬಹಳ ಜನ ಕೇಳುತ್ತಾರೆ. ಗಾಜಿನ ಬುರುಡೆಯಿಂದ ಕಿತ್ತಳೆ ಬಣ್ಣದ ಬೆಳಕು ಬರುತ್ತಿರುತ್ತದೆ. ನೋಡಲು ಚೆಂದ. ಆದರೆ 6ಜೆ1 ವಾಲ್ವ್ ಹಾಕಿದ ಇಂಥ ಹಲವು ಬೋರ್ಡ್‌ಗಳಲ್ಲಿ ಆ ಬೆಳಕು ವಾಲ್ವ್‌ನದ್ದಲ್ಲ, ಕೆಳಗೆ ಕೂರಿಸಿದ ಎಲ್‌ಇಡಿಯದ್ದು. ವಾಲ್ವ್‌ಗೆ ಬೇಕಾದ ಎತ್ತರದ ವೋಲ್ಟೇಜ್ ಕೂಡ ಅಲ್ಲಿರುವುದಿಲ್ಲ. ಅದನ್ನು ಸೇರಿಸಿದರೆ ಹಾಡಿಗೆ ಏನೂ ದಕ್ಕುವುದಿಲ್ಲ, ಸುಯ್ ಅನ್ನುವ ಸದ್ದು ಮಾತ್ರ ಕೂಡಿಕೊಳ್ಳುತ್ತದೆ.

ಈಗ ವಾಟ್ ವಿಷಯಕ್ಕೆ ಬರೋಣ. ಇಲ್ಲಿ ಲೆಕ್ಕ ತುಂಬಾ ಮುಖ್ಯ.

ನಿಮ್ಮ ಸ್ಪೀಕರ್ 86 ಡೆಸಿಬೆಲ್ ಅಂದರೆ, 1 ವಾಟ್ ಕೊಟ್ಟು 1 ಮೀಟರ್ ದೂರದಲ್ಲಿ ಅಳೆದರೆ 86 ಡೆಸಿಬೆಲ್ ಸದ್ದು. ನಿಮ್ಮ ಹಾಲ್‌ನಲ್ಲಿ ನೀವು ಕೂರುವುದು ಸುಮಾರು 8 ಅಡಿ ದೂರದಲ್ಲಿ ಅಂದುಕೊಳ್ಳೋಣ. ಆ ದೂರಕ್ಕೆ 8 ಡೆಸಿಬೆಲ್ ಕಳೆಯಿರಿ. ಸ್ಪೀಕರ್ ಎರಡಿವೆ, 3 ಕೂಡಿಸಿ. ಉಳಿದದ್ದು 81. ಗೋಡೆಗಳಿಂದ ತಿರುಗಿ ಬರುವ ಸದ್ದು ಇನ್ನೂ ಸ್ವಲ್ಪ ಕೂಡಿಸುತ್ತದೆ, ಅದನ್ನು ಬಿಟ್ಟುಬಿಡೋಣ. ಮನೆಯಲ್ಲಿ ಖಯಾಲ್ ಕೇಳುವವರು ಸಾಮಾನ್ಯವಾಗಿ 75 ಡೆಸಿಬೆಲ್ ಆಸುಪಾಸಿನಲ್ಲಿ ಕೇಳುತ್ತಾರೆ. ಅದು 81ಕ್ಕಿಂತ 6 ಕಡಿಮೆ. ಅಂದರೆ ಹೆಚ್ಚಿನ ಹೊತ್ತು ನಿಮ್ಮ ಆಂಪ್ಲಿಫೈಯರ್ ಕೊಡುತ್ತಿರುವುದು ಕಾಲು ವಾಟ್! ನಂಬಲು ಕಷ್ಟ, ಅಲ್ವಾ? ಆದರೆ ನಿಜ.

ಮತ್ತೆ ಉಳಿದ ವಾಟ್ ಯಾಕೆ? ತಬಲಾದ ಹೊಡೆತಕ್ಕೆ, ತಾರಸಪ್ತಕಕ್ಕೆ ಒಮ್ಮೆಲೇ ಏರುವ ತಾನಿಗೆ. ಇವು ಸರಾಸರಿಗಿಂತ 20 ಡೆಸಿಬೆಲ್‌ವರೆಗೂ ಮೇಲೆ ಜಿಗಿಯಬಹುದು. 75ಕ್ಕೆ 20 ಸೇರಿಸಿದರೆ 95. ಅದು 81ಕ್ಕಿಂತ 14 ಹೆಚ್ಚು. 14 ಡೆಸಿಬೆಲ್ ಅಂದರೆ 25 ಪಟ್ಟು. ಅಲ್ಲಿಗೆ ಚಾನೆಲ್‌ಗೆ 25 ವಾಟ್. ಸ್ವಲ್ಪ ಕೈಯಲ್ಲಿರಲಿ ಅಂತ 40 ಇಟ್ಟುಕೊಳ್ಳೋಣ. ಮುಗಿಯಿತು.

40ರ ಬದಲು 80 ವಾಟ್ ತಗೊಂಡರೆ ಸಿಗುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ತುಸು ಜೋರಾಯಿತು ಅನ್ನಿಸುವಷ್ಟು. ಸದ್ದು ಎರಡರಷ್ಟಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಬೇಕು. ಅಂದರೆ ಹತ್ತು ಪಟ್ಟು ವಾಟ್, 400. ಹೀಗಾಗಿ ವಾಟ್‌ಗೆ ದುಡ್ಡು ಸುರಿಯುವುದಕ್ಕಿಂತ 86ರ ಬದಲು 89 ಡೆಸಿಬೆಲ್‌ನ ಸ್ಪೀಕರ್ ತಗೊಂಡರೆ ಅದೇ ಲಾಭ ಪುಕ್ಕಟೆ ಸಿಗುತ್ತದೆ. ಇನ್ನೂ ಸ್ಪೀಕರ್ ತಗೊಳ್ಳದವರು ಇದನ್ನು ನೆನಪಿಡಿ.

ವಾಟ್ ಕಡಿಮೆಯಾದರೆ ಸ್ಪೀಕರ್ ಸುಡುತ್ತದೆ ಅಂತಲೂ ನಿಮಗೆ ಹೇಳಬಹುದು. ಅದರಲ್ಲಿ ನಿಜಾಂಶ ಇದೆ. ಸಣ್ಣ ಆಂಪನ್ನು ಅದರ ಶಕ್ತಿ ಮೀರಿ ಜೋರು ಮಾಡಿ ಗಂಟೆಗಟ್ಟಲೆ ಕುಣಿದರೆ, ಸಿಗ್ನಲ್‌ನ ತಲೆ ಕತ್ತರಿಸಿದಂತಾಗಿ ಟ್ವೀಟರ್ ಸುಡಬಹುದು. ಮದುವೆ ಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಅದು ಆಗುವ ಮಾತು. 12ಕ್ಕೆ 14ರ ಹಾಲ್‌ನಲ್ಲಿ ಗಂಗೂಬಾಯಿಯವರನ್ನು ಕೇಳುವವರಿಗೆ ಆ ಚಿಂತೆ ಬೇಡ.

ವಾಟ್ ಸಣ್ಣದಿದ್ದೂ ದೊಡ್ಡ ಹೆಸರು ಮಾಡಿದ ಆಂಪ್ಲಿಫೈಯರ್ ಒಂದಿದೆ. 1978ರಲ್ಲಿ ಬಂದ ನ್ಯಾಡ್ 3020. ಎರಿಕ್ ಎಡ್ವರ್ಡ್‌ಸೆನ್ ಅದನ್ನು ವಿನ್ಯಾಸ ಮಾಡಿದವರು. ಕಾಗದದ ಮೇಲೆ ಅದು ಬರೀ 20 ವಾಟ್. ಆದರೆ ಸ್ಪೀಕರ್ ಕೇಳಿದಾಗ ಕರೆಂಟ್ ಒದಗಿಸುವ ತಾಕತ್ತು ಅದಕ್ಕಿತ್ತು. ಕಡಿಮೆ ಬೆಲೆಯಲ್ಲಿ ಒಳ್ಳೆಯ ಸಂಗೀತ ಕೇಳಬಹುದು ಅಂತ ಜಗತ್ತಿಗೆ ತೋರಿಸಿದ ಪೆಟ್ಟಿಗೆ ಅದು. ನನಗೆ ಆ ಪೆಟ್ಟಿಗೆಯ ಮೇಲೆ ಇವತ್ತಿಗೂ ಗೌರವ.

ಡಬ್ಬಿಯ ಮೇಲೆ ಬರೆದ ವಾಟ್ ಓದುವುದನ್ನೂ ಕಲಿಯಬೇಕು. ಪಿಎಂಪಿಒ ಅಂತ ಕಂಡರೆ ಆ ಅಂಕಿಯನ್ನು ಮರೆತುಬಿಡಿ, ಅದಕ್ಕೆ ಅರ್ಥವೇ ಇಲ್ಲ. ಆರ್‌ಎಂಎಸ್ ಅಥವಾ ಕಂಟಿನ್ಯುಯಸ್ (ಎಡೆಬಿಡದೆ ಕೊಡಬಲ್ಲ ವಾಟ್) ಅಂತಿರಬೇಕು. ಎಷ್ಟು ಓಮ್‌ಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ (ದನಿ ಕೆಡುವ ಪ್ರಮಾಣ), ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗಲೇ ಅಂತ ನೋಡಿ. 10 ಪರ್ಸೆಂಟ್ ಡಿಸ್ಟಾರ್ಷನ್‌ನಲ್ಲಿ ಅಳೆದ ವಾಟ್ ಎಂದರೆ ದನಿ ಒಡೆದು ಹೋದ ಮೇಲೆ ಅಳೆದದ್ದು.

ಇದು ಬೇಕಾಗುವುದು ಈಗ ಎಲ್ಲೆಲ್ಲೂ ಸಿಗುವ ಅಂಗೈಯಗಲದ ಕ್ಲಾಸ್ ಡಿ ಅನ್ನುವ ಜಾತಿಯ ಆಂಪ್ಲಿಫೈಯರ್ ಪೆಟ್ಟಿಗೆಗಳ ವಿಷಯದಲ್ಲಿ. ಫೋಸಿ, ಐಯಿಮಾ ಮುಂತಾದ ಚೀನಾ ಕಂಪನಿಗಳವು. ಅವುಗಳಲ್ಲಿ ಕೆಲವಕ್ಕೆ ಹಾಕುವ ಟಿಪಿಎ 3255 ಚಿಪ್ ನಿಜಕ್ಕೂ ಒಳ್ಳೆಯದು. ಜಾಹೀರಾತಿನಲ್ಲಿ 300 ವಾಟ್ ಅಂತಿರುತ್ತದೆ. ಜೊತೆಗೆ ಕೊಡುವ ಅಡಾಪ್ಟರ್ ನೋಡಿ. 32 ವೋಲ್ಟ್, 5 ಆಂಪಿಯರ್ ಅಂತಿದ್ದರೆ ಗುಣಿಸಿ. 160 ವಾಟ್. ಗೋಡೆಯಿಂದಲೇ 160 ಬರುವಾಗ ಚಾನೆಲ್‌ಗೆ 300 ಎಲ್ಲಿಂದ ಹುಟ್ಟಬೇಕು? 32 ವೋಲ್ಟ್‌ನಲ್ಲಿ 8 ಓಮ್‌ಗೆ ಹೆಚ್ಚೆಂದರೆ ಸುಮಾರು 60 ವಾಟ್ ಸಿಗುತ್ತದೆ. ಆದರೆ ನಿಮಗೆ ಬೇಕಿದ್ದದ್ದೇ 40, ಅಲ್ವಾ? ಆ ದೃಷ್ಟಿಯಿಂದ ಇವು ಮೋಸವಲ್ಲ. ಬಿಸಿ ಕಡಿಮೆ, ಕರೆಂಟ್ ಕಡಿಮೆ, ಜಾಗ ಕಡಿಮೆ. ಇವುಗಳ ದೌರ್ಬಲ್ಯ ಅಡಾಪ್ಟರ್‌ನಲ್ಲಿ ಮತ್ತು ರಿಪೇರಿಯಲ್ಲಿ. ಕೆಟ್ಟರೆ ನಮ್ಮ ಊರುಗಳಲ್ಲಿ ಬಿಚ್ಚಿ ಸರಿಮಾಡುವವರು ಕಡಿಮೆ. ಬೋರ್ಡೇ ಬದಲಿಸಬೇಕಾಗುತ್ತದೆ.

ಹೊಸ ಇಂಟಿಗ್ರೇಟೆಡ್‌ಗಳಲ್ಲಿ ನಿಮ್ಮ ಕೆಲಸಕ್ಕೆ ಹೊಂದುವುದು ಯಾವುದು? ನನ್ನ ಮೊದಲ ಆಯ್ಕೆ ಯಮಾಹಾ ಎ-ಎಸ್ 301. 8 ಓಮ್‌ಗೆ ಚಾನೆಲ್‌ಗೆ 60 ವಾಟ್. ರೆಕಾರ್ಡ್‌ಗೆ ಫೋನೊ ಇನ್‌ಪುಟ್ ಇದೆ. ಟಿವಿಗೆ ಆಪ್ಟಿಕಲ್ (ಬೆಳಕಿನ ತಂತಿಯ) ಇನ್‌ಪುಟ್ ಇದೆ. ಬಾಸ್, ಟ್ರೆಬಲ್, ಬ್ಯಾಲೆನ್ಸ್ ಗುಂಡಿಗಳಿವೆ. ಡೆನಾನ್ ಪಿಎಂಎ 600ಎನ್‌ಇ ಇನ್ನೊಂದು. 45 ವಾಟ್, ಫೋನೊ, ಆಪ್ಟಿಕಲ್, ಜೊತೆಗೆ ಫೋನಿಗೆ ಬ್ಲೂಟೂತ್. ಕೇಂಬ್ರಿಡ್ಜ್ ಎಎಕ್ಸ್‌ಎ 35ರಲ್ಲಿ ಫೋನೊ ಇದೆ, ದನಿಯೂ ಚೆಂದ, ಆದರೆ ಆಪ್ಟಿಕಲ್ ಇಲ್ಲ. ನಿಮ್ಮ ಟಿವಿಯ ಹಿಂದೆ ಹೆಡ್‌ಫೋನ್ ರಂಧ್ರವೋ ಆಡಿಯೊ ಔಟ್ ಪಿನ್ನೋ ಇದ್ದರೆ ಮಾತ್ರ ಅದು ಆದೀತು. ಈ ಮೂರರ ಬೆಲೆ ಅಂಗಡಿಯಿಂದ ಅಂಗಡಿಗೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ. ಹುಬ್ಬಳ್ಳಿಯಲ್ಲೂ ಕೇಳಿ, ಬೆಂಗಳೂರಿನಲ್ಲೂ ಕೇಳಿ, ಆಮೇಲೆ ತೀರ್ಮಾನಿಸಿ. ಡಿಸ್‌ಪ್ಲೇಗೆ ಇಟ್ಟಿದ್ದ ಪೀಸ್ ಇದೆಯಾ ಅಂತಲೂ ವಿಚಾರಿಸಿ.

ಟೋನ್ ಗುಂಡಿ ಇರಲೇಬೇಕು ಅಂತ ನಾನು ಹೇಳುವುದಕ್ಕೆ ಕಾರಣ ಇದೆ. ದುಬಾರಿ ಆಂಪ್ಲಿಫೈಯರ್‌ಗಳಲ್ಲಿ ಅವನ್ನು ತೆಗೆದುಹಾಕುವುದು ದೊಡ್ಡತನ ಅಂತ ಒಂದು ನಂಬಿಕೆ ಬೆಳೆದಿದೆ. ನಿಮ್ಮ ಅಪ್ಪನ ರೆಕಾರ್ಡ್‌ಗಳು ಒಂದೊಂದೂ ಒಂದೊಂದು ಕಾಲದಲ್ಲಿ, ಒಂದೊಂದು ಸ್ಟುಡಿಯೊದಲ್ಲಿ ಆದವು. ಒಂದರಲ್ಲಿ ಹಾರ್ಮೋನಿಯಂ ಚೀರುತ್ತದೆ. ಇನ್ನೊಂದರಲ್ಲಿ ತಬಲಾದ ಡಗ್ಗಾ ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಟ್ರೆಬಲ್ ಎರಡು ಗೆರೆ ಇಳಿಸಿದರೆ, ಬಾಸ್ ಒಂದು ಗೆರೆ ಏರಿಸಿದರೆ ಕೇಳಲು ಹಿತ. ಸಂಗೀತ ಕೇಳುವುದಕ್ಕಾಗಿ ತಾನೇ ಇಷ್ಟೆಲ್ಲ.

ಬಜೆಟ್ ಇನ್ನೂ ಬಿಗಿ ಇದ್ದರೆ ಟಿಪಿಎ 3255 ಪೆಟ್ಟಿಗೆ ಒಂದು, ಅದರ ಜೊತೆ ಒಂದು ಪುಟ್ಟ ಫೋನೊ ಪ್ರೀಆಂಪ್. ಬೆರಿಂಗರ್ ಪಿಪಿ 400 ತೀರಾ ಅಗ್ಗದ್ದು, ಕೆಲಸ ಆಗುತ್ತದೆ. ರೇಗಾ, ಪ್ರೋಜೆಕ್ಟ್ ಕಂಪನಿಗಳ ಫೋನೊ ಪೆಟ್ಟಿಗೆಗಳು ಅದಕ್ಕಿಂತ ಮೇಲು. ಆದರೆ ಆ ಪುಟ್ಟ ಆಂಪ್‌ಗೆ ಎಷ್ಟು ಇನ್‌ಪುಟ್ ಇದೆ ಅಂತ ಮೊದಲು ನೋಡಿಕೊಳ್ಳಿ. ಹಲವುದರಲ್ಲಿ ಒಂದೇ ಒಂದು ಇರುತ್ತದೆ. ಆಗ ಟಿವಿಗೂ ರೆಕಾರ್ಡಿಗೂ ದಿನಾ ಪಿನ್ ಕಿತ್ತು ಹಾಕುವ ಕಷ್ಟ.

ಅಸೆಂಬಲ್ ಮಾಡಿಸುವ ದಾರಿಯೂ ಇದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬೋರ್ಡ್, ಟ್ರಾನ್ಸ್‌ಫಾರ್ಮರ್, ಕ್ಯಾಬಿನೆಟ್ ಎಲ್ಲ ಸಿಗುತ್ತದೆ. 4440 ಬೋರ್ಡ್ ಬಗ್ಗೆ ನೀವು ಕೇಳಿರಬಹುದು. ಅದು ಮೂಲದಲ್ಲಿ ಕಾರ್ ಸ್ಟೀರಿಯೊಗೆ ಮಾಡಿದ ಐಸಿ. ಸ್ಟೀರಿಯೊದಲ್ಲಿ ಚಾನೆಲ್‌ಗೆ 6 ವಾಟ್. ನಿಮ್ಮ ಸ್ಪೀಕರ್‌ಗೆ ಅದು ಸಾಲದು. ಮಾಡಿಸುವುದಾದರೆ ಎಲ್‌ಎಂ 3886 ಹಾಕಿಸಿ. 28 ವೋಲ್ಟ್ ಪ್ಲಸ್, ಮೈನಸ್ ಸಪ್ಲೈಯಲ್ಲಿ 8 ಓಮ್‌ಗೆ 38 ವಾಟ್, 4 ಓಮ್‌ಗೆ 68 ವಾಟ್ ಕೊಡುವ ಐಸಿ. ಡಿಸ್ಟಾರ್ಷನ್ ತುಂಬಾ ಕಡಿಮೆ. ಆದರೆ ಇದರ ನಕಲಿಗಳು ಮಾರುಕಟ್ಟೆಯಲ್ಲಿ ಬಹಳ. ಗೊತ್ತಿರುವ ಮೆಕ್ಯಾನಿಕ್ ಇಲ್ಲದಿದ್ದರೆ ಈ ದಾರಿ ಬೇಡ. ಟ್ರಾನ್ಸ್‌ಫಾರ್ಮರ್‌ನಲ್ಲಿ ಉಳಿತಾಯ ಮಾಡಿದ ಅಸೆಂಬಲ್ ಸೆಟ್ ಒಂದನ್ನು ನಾನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಹಾಡು ನಿಂತ ಕೂಡಲೇ ಗುಂಯ್ ಅನ್ನುತ್ತಿತ್ತು. ಆಲಾಪದ ನಡುವಿನ ಮೌನವನ್ನೇ ಅದು ತಿಂದುಹಾಕುತ್ತಿತ್ತು.

ಸೆಕೆಂಡ್ ಹ್ಯಾಂಡ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಿಮ್ಮ ದುಡ್ಡಿಗೆ ಅತಿ ಹೆಚ್ಚು ಸಿಗುವುದು ಅಲ್ಲೇ, ಕೈ ಸುಟ್ಟುಕೊಳ್ಳುವುದೂ ಅಲ್ಲೇ. ಹಿಂಬದಿಯ ಪ್ಲೇಟ್ ಮೊದಲು ಓದಿ. ಅಮೆರಿಕದ್ದಾದರೆ 120 ವೋಲ್ಟ್, ಜಪಾನಿನದ್ದಾದರೆ 100 ವೋಲ್ಟ್. ನಮ್ಮದು 230. ನಮ್ಮ ಸಂಬಂಧಿಕರೊಬ್ಬರು ಅಮೆರಿಕದಿಂದ ಹೊತ್ತು ತಂದ ಒಂದು ಒಳ್ಳೆಯ ಆಂಪನ್ನು ಮನೆಗೆ ಬಂದ ದಿನವೇ ನೇರ ಪ್ಲಗ್‌ಗೆ ಹಾಕಿದ್ದರು. ನಾನು ಹೋಗುವಷ್ಟರಲ್ಲಿ ಟ್ರಾನ್ಸ್‌ಫಾರ್ಮರ್ ಸುಟ್ಟ ವಾಸನೆ ಹಾಲ್ ತುಂಬ. ಅಂಥದ್ದಕ್ಕೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. ಇನ್ನೊಂದು ಸೂಕ್ಷ್ಮ. ಅಮೆರಿಕದ ಕರೆಂಟ್ 60 ಹರ್ಟ್ಸ್, ನಮ್ಮದು 50. 60ಕ್ಕೆ ಮಾತ್ರ ಸುತ್ತಿದ ಟ್ರಾನ್ಸ್‌ಫಾರ್ಮರ್ ಇಲ್ಲಿ ಹೆಚ್ಚು ಬಿಸಿಯಾಗುತ್ತದೆ. ಜಪಾನಿನಲ್ಲಿ 50, 60 ಎರಡೂ ಇರುವುದರಿಂದ ಅಲ್ಲಿನ ಸೆಟ್‌ಗಳಿಗೆ ಆ ತೊಂದರೆ ಇಲ್ಲ.

ನೋಡಲು ಹೋಗುವಾಗ ಒಂದು ಮಲ್ಟಿಮೀಟರ್ ಜೇಬಿನಲ್ಲಿರಲಿ. ಸೆಟ್ ಆನ್ ಮಾಡಿ, ಹತ್ತು ನಿಮಿಷ ಬಿಡಿ. ವಾಲ್ಯೂಮ್ ಸೊನ್ನೆಗಿಳಿಸಿ, ಸ್ಪೀಕರ್ ಕಳಚಿ, ಸ್ಪೀಕರ್ ಟರ್ಮಿನಲ್‌ಗಳ ನಡುವೆ ಡಿಸಿ ವೋಲ್ಟ್ ಅಳೆಯಿರಿ. 50 ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್, ಒಂದು ವೋಲ್ಟ್ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ, ಸೆಟ್‌ನಲ್ಲಿ ದೋಷವಿದೆ, ಅದು ಹೆಚ್ಚಾದರೆ ನಿಮ್ಮ ಸ್ಪೀಕರ್‌ಗೆ ಅಪಾಯ. ಗುಂಡಿ ತಿರುಗಿಸಿದಾಗ ಕರಕರ ಅಂದರೆ ಹೆದರಬೇಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದರೆ ಸಾಮಾನ್ಯವಾಗಿ ಹೋಗುತ್ತದೆ. ಹಾಡಿಲ್ಲದಾಗ ಸ್ಪೀಕರ್‌ನಲ್ಲಿ ಗುಂಯ್ ಸದ್ದು ಜೋರಾಗಿದ್ದರೆ ಪವರ್ ಸಪ್ಲೈಯ ಕೆಪಾಸಿಟರ್ ಒಣಗಿರಬಹುದು. ಅದನ್ನು ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಹಳೇ ನ್ಯಾಡ್ 3020 ಸಿಕ್ಕರೆ ಹಿಂದೆ ಪ್ರೀ ಔಟ್ (ಪ್ರೀಆಂಪ್‌ನಿಂದ ಹೊರಬರುವ ಕಿಂಡಿ), ಮೇನ್ ಇನ್ (ಪವರ್ ಆಂಪ್‌ಗೆ ಒಳಹೋಗುವ ಕಿಂಡಿ) ಜೋಡಿಸುವ ಯು ಆಕಾರದ ಲೋಹದ ತುಂಡುಗಳು ಇವೆಯಾ ನೋಡಿ. ಅವು ಇಲ್ಲದಿದ್ದರೆ ಸದ್ದೇ ಬರುವುದಿಲ್ಲ, ಸೆಟ್ ಕೆಟ್ಟಿದೆ ಅಂದುಕೊಳ್ಳುತ್ತಾರೆ. ಎರಡು ಚಿಕ್ಕ ಆರ್‌ಸಿಎ ಕೇಬಲ್ ಹಾಕಿದರೆ ಸರಿಹೋಗುತ್ತದೆ.

ಇನ್ನು ನಿಮ್ಮ ಮನೆಯಲ್ಲಿ ನಿಜಕ್ಕೂ ಪ್ರೀಆಂಪ್ ಬೇಕಾದ ಒಂದೇ ಒಂದು ವಸ್ತುವಿನ ಮಾತು. ಅದು ಟರ್ನ್‌ಟೇಬಲ್.

ಸೂಜಿಯನ್ನು ಹಿಡಿದು ಅದರ ಅಲುಗಾಟವನ್ನು ಸಿಗ್ನಲ್ ಮಾಡುವ ತುಂಡಿಗೆ ಕಾರ್ಟ್ರಿಜ್ ಅನ್ನುತ್ತಾರೆ. ಮ್ಯಾಗ್ನೆಟಿಕ್ ಕಾರ್ಟ್ರಿಜ್‌ನಿಂದ ಬರುವುದು 3ರಿಂದ 5 ಮಿಲಿವೋಲ್ಟ್. ಸಿಡಿಯ 2 ವೋಲ್ಟ್ ಎಲ್ಲಿ, ಇದೆಲ್ಲಿ! ನೂರು ಪಟ್ಟು ಹಿಗ್ಗಿಸಬೇಕು. ಅಷ್ಟೇ ಸಾಲದು. ರೆಕಾರ್ಡ್ ಕೊರೆಯುವಾಗ ಬಾಸ್ ತಗ್ಗಿಸಿ, ಟ್ರೆಬಲ್ ಏರಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ಬಾಸ್‌ನ ಗೆರೆಗಳು ಅಗಲವಾಗಿ ಒಂದಕ್ಕೊಂದು ತಾಗುತ್ತವೆ. ಕೇಳುವಾಗ ಅದನ್ನು ತಿರುಗಾ ಮುರುಗಾ ಮಾಡಿ ಸರಿಪಡಿಸಬೇಕು. ಇದಕ್ಕೆ 1954ರಿಂದ ಒಂದು ಒಪ್ಪಿದ ಅಳತೆ ಇದೆ. ಆರ್‌ಐಎಎ ಅನ್ನುತ್ತಾರೆ. 20 ಹರ್ಟ್ಸ್‌ನಲ್ಲಿ ಸುಮಾರು 20 ಡೆಸಿಬೆಲ್ ಏರಿಕೆ, 20 ಸಾವಿರ ಹರ್ಟ್ಸ್‌ನಲ್ಲಿ ಅಷ್ಟೇ ಇಳಿಕೆ. ಫೋನೊ ಇನ್‌ಪುಟ್ ಮಾಡುವುದು ಈ ಎರಡು ಕೆಲಸ. ರೆಕಾರ್ಡನ್ನು ಸುಮ್ನೆ ಆಕ್ಸ್ ಅನ್ನುವ ಸಾಮಾನ್ಯ ಇನ್‌ಪುಟ್‌ಗೆ ಹಾಕಿದರೆ ಸೊಳ್ಳೆ ಗುಂಯ್‌ಗುಟ್ಟಿದಂತೆ ಕೇಳುವುದು ಇದಕ್ಕೇ. ತಂಬೂರಿ ಮಾತ್ರ ಕೇಳುವ ಹೊತ್ತಿನಲ್ಲಿ ಸುಯ್ ಸದ್ದು ಇಲ್ಲದಿರಬೇಕಾದರೆ ಈ ಮೊದಲ ಹಂತ ಚೆನ್ನಾಗಿರಬೇಕು. ಪ್ರೀಆಂಪ್‌ಗೆ ಅಂತ ಖರ್ಚು ಮಾಡುವ ಆಸೆ ಇದ್ದರೆ ಮುಂದೆ ಎಂದಾದರೂ ಇಲ್ಲಿ ಮಾಡಿ.

ಆದರೆ ನಿಮ್ಮ ಟರ್ನ್‌ಟೇಬಲ್ ಹಳೆಯದು ಅಂದಿರಿ. ನಮ್ಮ ಕಡೆ ಹಳೇ ಪ್ಲೇಯರ್‌ಗಳಲ್ಲಿ ಹಲವಕ್ಕೆ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು. ಅದರ ಸಂಗತಿಯೇ ಬೇರೆ. ಅದು ನೂರಾರು ಮಿಲಿವೋಲ್ಟ್ ಕೊಡುತ್ತದೆ. ಅದನ್ನು ಫೋನೊಗೆ ಹಾಕಬಾರದು, ದನಿ ಒಡೆಯುತ್ತದೆ. ಆಕ್ಸ್‌ಗೆ ಹಾಕಿದರೆ ಬಾಸ್ ಸೊರಗುತ್ತದೆ. ಯಾಕೆಂದರೆ ಅದಕ್ಕೆ 1 ಮೆಗಾ ಓಮ್‌ನಷ್ಟು ಎತ್ತರದ ಇನ್‌ಪುಟ್ ಬೇಕು. ಸೂಜಿಯ ಪಕ್ಕದಲ್ಲಿ ಒಂದು ಸಣ್ಣ ಕಡ್ಡಿ ಇದ್ದು, ಅದನ್ನು ತಿರುಗಿಸಿ ಎಲ್‌ಪಿ, 78 (ಹಳೇ ಗ್ರಾಮಫೋನ್ ತಟ್ಟೆ) ಅಂತ ಬದಲಿಸುವ ಹಾಗಿದ್ದರೆ ಅದು ಸಾಮಾನ್ಯವಾಗಿ ಸೆರಾಮಿಕ್. ಇಂಥವು ರೆಕಾರ್ಡಿನ ಮೇಲೆ ಭಾರವಾಗಿ ಕೂರುತ್ತವೆ. ಅಪ್ಪನ ರೆಕಾರ್ಡುಗಳ ಆಯುಸ್ಸಿನ ದೃಷ್ಟಿಯಿಂದ ಮ್ಯಾಗ್ನೆಟಿಕ್ ಕಾರ್ಟ್ರಿಜ್‌ಗೆ ಬದಲಾಗುವುದು ಒಳ್ಳೆಯದು, ಕಾರ್ಟ್ರಿಜ್ ಹೊತ್ತ ತೋಳು, ಅಂದರೆ ಟೋನ್‌ಆರ್ಮ್, ಒಪ್ಪಿದರೆ.

ಮ್ಯಾಗ್ನೆಟಿಕ್ ಆಗಿದ್ದರೂ ಸೂಜಿ ಬದಲಿಸಿ. ಸೂಜಿಯ ಬಾಳಿಕೆ 500ರಿಂದ 1000 ಗಂಟೆ. ಅಪ್ಪ ಎಷ್ಟು ಗಂಟೆ ಕೇಳಿದ್ದರೋ ಯಾರಿಗೆ ಗೊತ್ತು. ಸವೆದ ಸೂಜಿ ಒಂದು ಸಲ ಹಾಡಿದರೂ ರೆಕಾರ್ಡಿಗೆ ಗಾಯ. ಬಜೆಟ್‌ನಲ್ಲಿ ಮೂರು ನಾಲ್ಕು ಸಾವಿರ ಇದಕ್ಕೆ ಅಂತ ಮೊದಲೇ ಎತ್ತಿಡಿ. ಆಂಪ್ಲಿಫೈಯರ್ ತಡವಾದರೂ ಪರವಾಗಿಲ್ಲ.

ಹಳೇ ರೆಕಾರ್ಡ್‌ಗಳಲ್ಲಿ ಮೊನೊ (ಎಡ ಬಲ ಎರಡೂ ಕಡೆ ಒಂದೇ ದನಿ) ಇದ್ದರೆ ಒಂದು ಉಪಾಯ ಹೇಳುತ್ತೇನೆ. ಮೊನೊ ರೆಕಾರ್ಡಿನಲ್ಲಿ ಸಂಗೀತ ಇರುವುದು ಗೆರೆಯ ಅಡ್ಡ ಅಲುಗಾಟದಲ್ಲಿ ಮಾತ್ರ. ಮೇಲೆ ಕೆಳಗಿನ ಅಲುಗಾಟದಲ್ಲಿ ಇರುವುದು ಬರೀ ದೂಳು, ಗೀರು, ಮೋಟಾರಿನ ಗುಡುಗುಡು. ಎರಡೂ ಚಾನೆಲ್ ಕೂಡಿಸಿದರೆ ಆ ಗಲಾಟೆ ರದ್ದಾಗುತ್ತದೆ, ದನಿ ಉಳಿಯುತ್ತದೆ. ಹಳೇ ಆಂಪ್‌ಗಳಲ್ಲಿ ಇದಕ್ಕೆ ಮೊನೊ ಗುಂಡಿ ಇರುತ್ತಿತ್ತು. ಹೊಸತರಲ್ಲಿ ಅಪರೂಪ. ಟರ್ನ್‌ಟೇಬಲ್ ಕೇಬಲ್‌ಗೆ ಎರಡು ವೈ ಕೇಬಲ್ ಹಾಕಿ ಕೂಡಿಸಿ, ಮತ್ತೆ ಬಿಡಿಸಿದರೆ ಅದೇ ಕೆಲಸ ಆಗುತ್ತದೆ. ಗಂಗೂಬಾಯಿಯವರ ದನಿ ಆಗ ಎರಡು ಸ್ಪೀಕರ್‌ಗಳ ನಡುವೆ ಗಟ್ಟಿಯಾಗಿ ನಿಲ್ಲುವುದನ್ನು ನೀವೇ ಕೇಳಿ ನೋಡಿ.

ಜೋಡಿಸುವಾಗ ಟರ್ನ್‌ಟೇಬಲ್‌ನ ತೆಳು ಅರ್ತ್ ತಂತಿಯನ್ನು ಆಂಪ್ಲಿಫೈಯರ್‌ನ ಗ್ರೌಂಡ್ ತಿರುಪಿಗೆ ಕಟ್ಟಿ, ಮರೆತರೆ ಗುಂಯ್ ಸದ್ದು ಖಂಡಿತ. ಟಿವಿ ಕೇಬಲ್ ಜೋಡಿಸಿದ ಮೇಲೆ ಗುಂಯ್ ಶುರುವಾದರೆ ಅದು ಗ್ರೌಂಡ್ ಲೂಪ್, ಅಂದರೆ ಎರಡು ಸೆಟ್‌ಗಳ ಅರ್ತ್ ನಡುವೆ ಕರೆಂಟ್ ಸುತ್ತುವುದು. ಟಿವಿಯನ್ನು ಆಪ್ಟಿಕಲ್ ಮೂಲಕ ಜೋಡಿಸಿದರೆ ಆ ತೊಂದರೆಯೇ ಇಲ್ಲ, ಬೆಳಕಿನ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲವಲ್ಲ. ಮನೆಯ ಯುಪಿಎಸ್ ಸ್ಕ್ವೇರ್ ವೇವ್ ಆಗಿದ್ದರೆ ಕರೆಂಟ್ ಹೋದಾಗ ಟ್ರಾನ್ಸ್‌ಫಾರ್ಮರ್ ಜೋರಾಗಿ ಗೊಣಗುತ್ತದೆ. ಆ ಲೈನಿಗೆ ಸೆಟ್ ಹಾಕಬೇಡಿ. ಯಮಾಹಾ, ಡೆನಾನ್ ಥರದ ಸೆಟ್‌ಗಳು ಬಿಸಿಯಾಗುತ್ತವೆ, ಗಾಜಿನ ಬಾಗಿಲಿನ ಷೋಕೇಸ್ ಒಳಗೆ ಇಡಬೇಡಿ. ಮೇಲೆ ಒಂದು ಗೇಣು ಜಾಗ ಬಿಡಿ.

ಆಂಪ್ಲಿಫೈಯರ್‌ಗೆ ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಟೋನ್‌ಆರ್ಮ್ ತುದಿಯನ್ನು ಬೆಳಕಿಗೆ ಹಿಡಿದು, ಕಾರ್ಟ್ರಿಜ್‌ನ ಹಿಂಭಾಗ ಮತ್ತು ಸೂಜಿ ಎರಡೂ ಕಾಣುವ ಹಾಗೆ ಫೋಟೊ ತೆಗೆದು ನನಗೆ ಕಳಿಸಿ. ಸೆರಾಮಿಕ್ಕೋ ಮ್ಯಾಗ್ನೆಟಿಕ್ಕೋ ನೋಡಿ ಹೇಳುತ್ತೇನೆ. ಅಲ್ಲಿಯವರೆಗೆ ಆ ಸೂಜಿಯನ್ನು ರೆಕಾರ್ಡಿನ ಮೇಲೆ ಇಳಿಸಬೇಡಿ.